ರೊಮೇನಿಯಾದ ಪೋಲಿಷ್ ಹಳ್ಳಿಯಲ್ಲಿ ಹಿರಿಯರ ಮಾತು ರೆಕಾರ್ಡ್ ಮಾಡಲು ಬರೀ ಪೋಲಿಷ್ ಸಾಕಾ?

ನಿಮ್ಮ ಪ್ರಶ್ನೆ ಓದಿ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತೆ. ಪೋಲೆಂಡಿನ ವ್ರೋತ್ಸ್ವಾಫ್‌ನಲ್ಲಿ ಓದು, ಎರಡು ವರ್ಷ ಕಲಿತ ಪೋಲಿಷ್, ಬೇಸಿಗೆ ರಜೆಯಲ್ಲಿ ರೊಮೇನಿಯಾ-ಉಕ್ರೇನ್ ಗಡಿಯ ಬುಕೊವಿನಾ ಪ್ರದೇಶಕ್ಕೆ ಹೋಗಿ "ಅಪ್ಪಟ ಹಳೇ ಪೋಲಿಷ್" ರೆಕಾರ್ಡ್ ಮಾಡಿ ತರುವ ಆಸೆ. ಹನ್ನೊಂದು ವರ್ಷದ ಹಿಂದೆ ಇದು ನಾನೇ. ಉಳಿಯಲು ಅಲ್ಲಿನ ಹಳ್ಳಿಗಳಲ್ಲಿ ಕಚಿಕಾ ಒಳ್ಳೆಯದಾ, ಸೊಲೊನೆತ್ಸು ನೊವ್ ಒಳ್ಳೆಯದಾ ಅಂತಲೂ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಕಥೆ ಕೇಳಿ.

ನನ್ನ ರೂಮ್‌ಮೇಟ್‌ನ ಅಜ್ಜಿ ಬುಕೊವಿನಾದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಸಾವಿರಾರು ಪೋಲಿಷ್ ಜನ ಪೋಲೆಂಡಿಗೆ ಬಂದರು. ಜರ್ಮನ್ನರು ಖಾಲಿ ಮಾಡಿ ಹೋಗಿದ್ದ ಕೆಳ ಸೈಲೀಷಿಯಾದ ಮನೆಗಳಲ್ಲಿ ತುಂಬಾ ಜನ ನೆಲೆಸಿದರು. ಅದಕ್ಕೇ ವ್ರೋತ್ಸ್ವಾಫ್ ಸುತ್ತಮುತ್ತ "ನಮ್ಮಜ್ಜಿ ಬುಕೊವಿನಾದವರು" ಅನ್ನುವವರು ಇವತ್ತಿಗೂ ಸಿಗುತ್ತಾರೆ. ಆ ಅಜ್ಜಿಯ ಚಿಕ್ಕಪ್ಪನ ಮಗಳು ಮಾತ್ರ ಬರಲಿಲ್ಲ, ಸೊಲೊನೆತ್ಸು ನೊವ್‌ನಲ್ಲೇ ಉಳಿದರು. ನಾನು ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಎಲ್ಲರೂ ಅವರನ್ನು ಬಾಬ್ಚಾ ಅನ್ನುತ್ತಿದ್ದರು. ಪೋಲಿಷ್‌ನಲ್ಲಿ ಅಜ್ಜಿಗೆ ಹಾಗೇ ಅನ್ನುವುದು. ನಾನೂ ಹಾಗೇ ಕರೆದೆ.

ಮೊದಲ ಸಂಜೆಯೇ ಊಟಕ್ಕೆ ಮಮಾಲಿಗಾ ಬಂತು. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸಿ, ಗಟ್ಟಿ ಮಾಡಿ, ಹಲಗೆಯ ಮೇಲೆ ಬೋರಲು ಹಾಕುತ್ತಾರೆ. ನೂಲಿನಲ್ಲಿ ಕತ್ತರಿಸುತ್ತಾರೆ. ಮುಳಬಾಗಿಲ ಕಡೆಯವನಾದ ನನಗೆ ಮುದ್ದೆ ಕಂಡಷ್ಟೇ ಖುಷಿಯಾಯಿತು. ಪಕ್ಕದ ಮನೆಯ ಉಕ್ರೇನಿಯನ್ ಹೆಂಗಸು ಅದಕ್ಕೆ ಕುಲೇಶಾ ಅಂದರು. ಒಂದೇ ಹಲಗೆ, ಎರಡು ಹೆಸರು. ಅವತ್ತೇ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುವ ಹಾಗಿದ್ದೀರಿ.

ನನ್ನ ಹತ್ತಿರ ಒಂದು ಚಿಕ್ಕ ರೆಕಾರ್ಡರ್ ಇತ್ತು. ಬರೆಯಬೇಕಿದ್ದ ಪ್ರಬಂಧ ಬುಕೊವಿನಾದ ಪೋಲಿಷ್ ಬಗ್ಗೆ. ಬಾಬ್ಚಾ ಮಾತಾಡುತ್ತಾ ಮಾತಾಡುತ್ತಾ ರೊಮೇನಿಯನ್‌ಗೆ ಹೋಗುತ್ತಿದ್ದರು, ಅಲ್ಲಿಂದ ಉಕ್ರೇನಿಯನ್, ಮತ್ತೆ ಪೋಲಿಷ್. ರೊಮೇನಿಯನ್ ನನಗೆ ಒಂದು ಪದವೂ ಬರುತ್ತಿರಲಿಲ್ಲ. ಆಮೇಲೆ ಕೂತು ಕತ್ತರಿಸುವ ಕೆಲಸ ಯಾಕೆ ಅಂತ, ಅವರು ಪೋಲಿಷ್ ಬಿಟ್ಟ ಕೂಡಲೇ ಪಾಸ್ ಒತ್ತುತ್ತಿದ್ದೆ. ಪೋಲಿಷ್‌ಗೆ ಬಂದ ಕೂಡಲೇ ಮತ್ತೆ ಶುರು. ಇದು ಬುದ್ಧಿವಂತಿಕೆ ಅಂತಲೇ ಅಂದುಕೊಂಡಿದ್ದೆ.

ಸ್ಟಾಪ್ ಒತ್ತಿದ್ದರೆ ಬೇರೆ ಬೇರೆ ಫೈಲ್ ಆಗುತ್ತಿತ್ತು. ಎಲ್ಲಿ ಎಷ್ಟು ಹೊತ್ತು ಬಿಟ್ಟುಹೋಗಿದೆ ಅಂತ ಸಮಯ ನೋಡಿಯಾದರೂ ಗೊತ್ತಾಗುತ್ತಿತ್ತು. ಪಾಸ್ ಒತ್ತಿದರೆ ಹಾಗಲ್ಲ, ಎಲ್ಲಾ ಒಂದೇ ಫೈಲಿನಲ್ಲಿ ಅಂಟಿಕೊಳ್ಳುತ್ತದೆ. ವ್ರೋತ್ಸ್ವಾಫ್‌ಗೆ ಬಂದು ಕೇಳಿದರೆ ಬಾಬ್ಚಾ ಅಮ್ಮನ ಬಗ್ಗೆ ಹೇಳುತ್ತಿರುತ್ತಾರೆ, ಒಂದು "ಟಿಕ್", ಮುಂದಿನ ಮಾತು ಹಸುವಿನ ಬಗ್ಗೆ. ನಡುವೆ ಹೋಗಿದ್ದು ಹತ್ತು ಸೆಕೆಂಡಾ, ಹತ್ತು ನಿಮಿಷವಾ, ಹೇಳಲು ಆಗಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಾಬ್ಚಾ ನನ್ನ ಹೆಬ್ಬೆರಳನ್ನು ಗಮನಿಸುತ್ತಿದ್ದರು. ಎರಡನೇ ದಿನ ರೊಮೇನಿಯನ್ ಪದ ಬಾಯಿಗೆ ಬಂದಾಗಲೆಲ್ಲ ನಿಲ್ಲಿಸಿ, "ಇದು ಪೋಲಿಷ್ ಅಲ್ಲ ಅಲ್ವಾ" ಅನ್ನಲು ಶುರು ಮಾಡಿದರು. ಮೂರನೇ ದಿನ ಪದ ಹುಡುಕಿ ಹುಡುಕಿ ಮಾತಾಡಿದರು. ಮಾತು ಚಿಕ್ಕದಾಯಿತು. ನಗು ಕಡಿಮೆಯಾಯಿತು. ಕೊನೆಕೊನೆಗೆ ಚರ್ಚಿನಲ್ಲಿ ಹೇಳುವ ಪ್ರಾರ್ಥನೆಗಳನ್ನೇ ಒಪ್ಪಿಸತೊಡಗಿದರು, ಅವು ಮಾತ್ರ ಪೂರ್ತಿ ಪೋಲಿಷ್‌ನಲ್ಲಿದ್ದವು ನೋಡಿ. ಅವರದೇ ಮನೆಯಲ್ಲಿ, ಅವರದೇ ಮೇಜಿನ ಮುಂದೆ, ಎಂಬತ್ತು ವರ್ಷ ಆಡಿದ ಮಾತು ಸರಿ ಇಲ್ಲ ಅಂತ ಅವರಿಗೆ ಅನ್ನಿಸುವ ಹಾಗೆ ಮಾಡಿದೆ. ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ. ಒಂದು ಗುಂಡಿ ಒತ್ತಿದ್ದೆ, ಅಷ್ಟೇ.

ನನ್ನಿಂದ ಹೋದದ್ದು ಏನು ಅಂತ ಹೇಳುತ್ತೇನೆ. ಬಾಬ್ಚಾ ಹುಟ್ಟಿದ್ದು ಸೊಲೊನೆತ್ಸುನಲ್ಲಲ್ಲ, ಅಲ್ಲಿಂದ ದೂರವಿಲ್ಲದ ಪೊಯಾನಾ ಮಿಕುಲುಯಿಯಲ್ಲಿ. 1840ರ ಆಸುಪಾಸಿನಲ್ಲಿ ಪೋಲಿಷರೂ ಬೊಹೀಮಿಯಾ (ಇವತ್ತಿನ ಚೆಕ್ ದೇಶ) ಕಡೆಯ ಜರ್ಮನ್ನರೂ ಕಾಡು ಕಡಿದು ಕಟ್ಟಿದ ಊರು ಅದು. 1940ರಲ್ಲಿ ಹಿಟ್ಲರನ ಸರ್ಕಾರ ದಕ್ಷಿಣ ಬುಕೊವಿನಾದ ಜರ್ಮನ್ನರನ್ನು ಜರ್ಮನಿಗೆ ಕರೆಸಿಕೊಂಡಿತು. ಊರಿನ ಎಷ್ಟೋ ಮನೆಗಳ ಜನ ಎದ್ದು ಹೋದರು. 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಆ ಊರನ್ನೇ ಸುಟ್ಟಿತು. ಬಾಬ್ಚಾ ಆಗ ಹನ್ನೆರಡು ವರ್ಷದ ಹುಡುಗಿ.

ಅವತ್ತಿನ ಕಥೆಯನ್ನು ಅವರು ನನಗೆ ಪೂರ್ತಿ ಹೇಳಿದರು. ಸೈನಿಕ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಜರ್ಮನ್‌ನಲ್ಲಿ ಹೇಳಿದರು. ಕಾಡಿನ ಆಚೆ ಬದಿಯ ರೊಮೇನಿಯನ್ ಹೆಂಗಸು ಇವರನ್ನು ಒಳಗೆ ಕರೆದು ಆಡಿದ ಮಾತನ್ನು ರೊಮೇನಿಯನ್‌ನಲ್ಲಿ ಹೇಳಿದರು. ದಾರಿಯಲ್ಲಿ ಅಮ್ಮ ಮಾಡಿದ ಪ್ರಾರ್ಥನೆ ಪೋಲಿಷ್‌ನಲ್ಲಿತ್ತು. ಯಾರು ಯಾವ ಭಾಷೆಯಲ್ಲಿ ಆಡಿದರೋ ಅದೇ ಭಾಷೆಯಲ್ಲಿ. ಅವರು ಭಾಷೆ ಕಲಬೆರಕೆ ಮಾಡುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದರು. ನನ್ನ ಬಳಿ ಉಳಿದಿರುವುದು ಅಮ್ಮನ ಪ್ರಾರ್ಥನೆ ಮಾತ್ರ. ನಲವತ್ತು ಸೆಕೆಂಡು.

ಮುಂದಿನ ವರ್ಷ ರೊಮೇನಿಯನ್ ಕಲಿತು ವಾಪಸ್ ಹೋಗುವುದು ಅಂತ ತೀರ್ಮಾನ ಮಾಡಿದ್ದೆ. ಆ ಚಳಿಗಾಲದಲ್ಲೇ ಬಾಬ್ಚಾ ತೀರಿಕೊಂಡರು.

ನನ್ನ ಅಜ್ಜಿ ಮನೆಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ, ಸಂತೆಯಲ್ಲಿ ಅಂಗಡಿ ಸಾಬರ ಜೊತೆ ಉರ್ದು ಮಾತಾಡುತ್ತಿದ್ದವರು. "ಬರೀ ತೆಲುಗಲ್ಲಿ ನಿಮ್ಮ ಕಥೆ ಹೇಳಿ" ಅಂತ ಯಾರಾದರೂ ಅವರನ್ನು ಕೂರಿಸಿದ್ದರೆ ಅರ್ಧ ಬದುಕೇ ಹೊರಗೆ ಉಳಿಯುತ್ತಿತ್ತು. ಇದು ಗೊತ್ತಿದ್ದೂ ಇನ್ನೊಬ್ಬರ ಅಜ್ಜಿಗೆ ಅದನ್ನೇ ಮಾಡಿದೆನಲ್ಲ, ಆ ನೋವು ಇನ್ನೂ ಹೋಗಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. "ಪುಟ್ಟ ಪೋಲೆಂಡ್" ಅಂತ ಬರೆದಿದ್ದೀರಿ. ಅದು ಪೋಲೆಂಡಿನ ತುಂಡಲ್ಲ. 1775ರಲ್ಲಿ ಆಸ್ಟ್ರಿಯಾದವರು ಬುಕೊವಿನಾವನ್ನು ಮೊಲ್ಡಾವಿಯಾದಿಂದ ತೆಗೆದುಕೊಂಡರು. ಉಪ್ಪು ತೆಗೆಯಲು, ಮರ ಕಡಿಯಲು, ಹೊಲ ಮಾಡಲು ಜನ ಬೇಕಿತ್ತು. ಕಚಿಕಾದ ಉಪ್ಪಿನ ಗಣಿ 1791ರಲ್ಲಿ ಶುರುವಾದಾಗ ಹಳೇ ಉಪ್ಪಿನ ಗಣಿಗಳ ಪೋಲಿಷ್ ಊರುಗಳಾದ ಬೊಖ್ನ್ಯಾ, ವ್ಯೆಲಿಚ್ಕಾದಿಂದ ಗಣಿ ಕೆಲಸಗಾರರು ಬಂದರು. ಸೊಲೊನೆತ್ಸುನವರು ಅವರಲ್ಲ, ಗುಡ್ಡಗಾಡಿನ ಪೋಲಿಷರು. ಇವರ ಹಿರಿಯರು ಹೊರಟಿದ್ದು ಚಾದ್ತ್ಸಾ ಕಡೆಯಿಂದ. ಇವತ್ತು ಅದು ಸ್ಲೊವಾಕಿಯಾ, ಆಗ ಹಂಗೇರಿ ರಾಜ್ಯದೊಳಗಿತ್ತು. ಮೊದಲು ಇವತ್ತು ಉಕ್ರೇನಿನಲ್ಲಿರುವ ಚೆರ್ನಿವ್ತ್ಸಿ ನಗರದ ಸುತ್ತ ಒಂದು ತಲೆಮಾರು ಇದ್ದರು. ಆಮೇಲೆ 1834ರಲ್ಲಿ ಸೊಲೊನೆತ್ಸು, ಮರುವರ್ಷ ಪ್ಲೆಶಾ ಅನ್ನುವ ಹಳ್ಳಿ ಕಟ್ಟಿದರು. ಆ ಹೊತ್ತಿಗೆ ಪೋಲೆಂಡ್ ಅನ್ನುವ ದೇಶವೇ ನಕ್ಷೆಯಲ್ಲಿ ಇರಲಿಲ್ಲ. ಒಬ್ಬನೇ ಚಕ್ರವರ್ತಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದು ಬಂದವರು ಅವರು. ಬಿಟ್ಟು ಬಂದ ಪೋಲೆಂಡ್ ಅವರ ಮನೆಯಲ್ಲಿ ಸಿಗುತ್ತದೆ ಅಂತ ಹೋದರೆ, ಎದುರಿಗಿರುವ ಬುಕೊವಿನಾ ನಿಮಗೆ ಕಾಣುವುದೇ ಇಲ್ಲ.

"ಅಪ್ಪಟ" ಅನ್ನುವ ಮಾತನ್ನೂ ಬಿಟ್ಟುಬಿಡಿ. ಬಾಬ್ಚಾ ಬ್ರಿನ್ಜಾ ಅಂದಾಗ ನಾನು ಪಾಸ್ ಒತ್ತಿದ್ದೆ. ರೊಮೇನಿಯನ್‌ನಲ್ಲಿ ಗಿಣ್ಣಿಗೆ, ಅಂದರೆ ಚೀಸ್‌ಗೆ, ಬ್ರಿನ್ಜಾ ಅನ್ನುತ್ತಾರೆ ಅಂತ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಆದರೆ ಪೋಲೆಂಡಿನ ಬೆಟ್ಟದ ಜನರೂ ಕುರಿಹಾಲಿನ ಚೀಸ್‌ಗೆ ಅದೇ ಪದ ಬಳಸುತ್ತಾರೆ. ಕಾರ್ಪೇಥಿಯನ್ ಬೆಟ್ಟಗಳ ಉದ್ದಕ್ಕೂ ಕುರಿ ಮೇಯಿಸುತ್ತಾ ಹೋದ ವ್ಲಾಖ್ ಕುರುಬರ ಜೊತೆ ರೊಮೇನಿಯನ್ ಕಡೆಯಿಂದ ಹೋದ ಪದ ಅದು, ವ್ರೋತ್ಸ್ವಾಫ್‌ನ ಅಂಗಡಿಯಲ್ಲೂ ಅದೇ ಹೆಸರಲ್ಲಿ ಮಾರುತ್ತಾರೆ. ಯಾವುದನ್ನು ಅಂತ ಕತ್ತರಿಸುತ್ತೀರಿ?

ಬರೀ ಪೋಲಿಷ್ ಸಾಕಾ? ಊಟ ಕೇಳಲು, ಮಲಗಲು ಜಾಗ ಕೇಳಲು ಸಾಕು. ಆ ಹಳ್ಳಿಗಳಲ್ಲಿ ಮಕ್ಕಳಿಗೆ ಶಾಲೆಯಲ್ಲಿ ಪೋಲಿಷ್ ಕಲಿಸುತ್ತಾರೆ, ಪೋಲಿಷ್ ಮನೆ ಅನ್ನುವ ಸಮುದಾಯ ಭವನಗಳಿವೆ, ರೊಮೇನಿಯಾದ ಸಂಸತ್ತಿನ ಕೆಳಮನೆಯಲ್ಲಿ ಪೋಲಿಷರ ಕಡೆಯಿಂದ ಒಬ್ಬ ಸದಸ್ಯರೂ ಇದ್ದಾರೆ. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಪೋಲಿಷ್ ಅಂತ ಬರೆಸಿದವರು 2,543 ಜನ. ಇಷ್ಟೇ ಇಷ್ಟು ಜನ, ಹೊರಗಿನವರೊಬ್ಬರು ಪೋಲಿಷ್ ಮಾತಾಡಿದರೆ ತುಂಬಾ ಖುಷಿಪಡುತ್ತಾರೆ. ಆದರೆ ಕಥೆ ಕೇಳಲು ಸಾಲಲ್ಲ. ಮದುವೆಗಳು ಭಾಷೆ ದಾಟಿ ಆಗಿವೆ. ಸೊಸೆ ರೊಮೇನಿಯನ್, ಅಳಿಯ ಉಕ್ರೇನಿಯನ್. ನೀವು ಪೋಲಿಷ್‌ನಲ್ಲೇ ಕೂತರೆ ಮೇಜಿನ ಸುತ್ತ ಇರುವ ಅರ್ಧ ಜನರಿಗೆ ಬೆನ್ನು ತೋರಿಸಿದ ಹಾಗೆ. ನಾಲ್ಕು ತಿಂಗಳು ಟೈಮ್ ಇದೆ ಅಂದಿದ್ದೀರಿ. ರೊಮೇನಿಯನ್ ಶುರು ಮಾಡಿ. ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ, ಎದುರಿನವರು ಆ ಭಾಷೆಗೆ ಹೊರಳಿದಾಗ ನಿಮ್ಮ ಮುಖ ಖಾಲಿಯಾಗದಿದ್ದರೆ ಸಾಕು.

ರೆಕಾರ್ಡರ್ ಇಡುವ ಮುಂಚೆ ಒಪ್ಪಿಗೆ ಕೇಳಿ, ಇಟ್ಟ ಮೇಲೆ ಕೈ ದೂರ ಇಡಿ. ಅರ್ಥವಾಗದ್ದು ಓಡಲಿ. ಬ್ಯಾಟರಿ ಜಾಸ್ತಿ ತೆಗೆದುಕೊಂಡು ಹೋಗಿ. ಆಮೇಲೆ ಅರ್ಥ ಹೇಳಲು ಯಾರಾದರೂ ಸಿಗುತ್ತಾರೆ.

ಕಚಿಕಾನಾ, ಸೊಲೊನೆತ್ಸುನಾ ಅಂದರೆ ಉಳಿಯಲು ಸೊಲೊನೆತ್ಸು. ಕಚಿಕಾಕ್ಕೆ ಒಂದು ದಿನ ಹೋಗಿ ಬನ್ನಿ, ಸಾಧ್ಯವಾದರೆ ಆಗಸ್ಟ್ 15ಕ್ಕೆ. ಅವತ್ತು ಮಾತೆ ಮರಿಯಳ ಹಬ್ಬ. ಅಲ್ಲಿನ ದೊಡ್ಡ ಕ್ಯಾಥೊಲಿಕ್ ಚರ್ಚಿಗೆ ಪೋಲಿಷರು, ರೊಮೇನಿಯನ್ನರು, ಉಕ್ರೇನಿಯನ್ನರು, ಉಳಿದಿರುವ ಜರ್ಮನ್ನರು ಎಲ್ಲಾ ಬರುತ್ತಾರೆ. ಉಪ್ಪಿನ ಗಣಿಗೂ ಇಳಿಯಿರಿ. ಮರದ ಮೆಟ್ಟಿಲುಗಳಿಗೆ ಉಪ್ಪು ಕಟ್ಟಿ ಬೆಳ್ಳಗಾಗಿವೆ. ಕೆಳಗೆ ಉಪ್ಪಿನಲ್ಲೇ ಕೊರೆದ ಸಂತ ಬಾರ್ಬರಾಳ ಗುಡಿ ಇದೆ, ಗಣಿಯವರನ್ನು ಕಾಯುವವಳು ಅವಳು.

ಇನ್ನೊಂದು ಮಾತು. ಬಾಬ್ಚಾರ ಮಗ ಈಗಲೂ ಅದೇ ಮನೆಯಲ್ಲಿದ್ದಾರೆ. ಊರು ಸುಟ್ಟ ದಿನದ ಕಥೆಯನ್ನು ಅವರು ತಾಯಿಯಿಂದ ನೂರು ಸಲ ಕೇಳಿದ್ದಾರಂತೆ. ಕಳೆದ ಕ್ರಿಸ್ಮಸ್‌ಗೆ ಫೋನ್ ಮಾಡಿದಾಗ ಸ್ವಲ್ಪ ಹೇಳಿದರು, ಆ ರೊಮೇನಿಯನ್ ಹೆಂಗಸಿನ ಮಾತು ಬಂದಾಗ ರೊಮೇನಿಯನ್‌ಗೇ ಹೋದರು, ಈ ಸಲ ನನಗೆ ಅರ್ಥವಾಯಿತು. "ಒಳಗೆ ಬನ್ನಿ, ಒಲೆ ಬಿಸಿ ಇದೆ" ಅಂದಿದ್ದಳಂತೆ. ನನಗೆ ಸದ್ಯಕ್ಕೆ ಹೋಗಲು ಆಗುತ್ತಿಲ್ಲ. ನೀವು ಹೋಗುವುದು ಗಟ್ಟಿಯಾದರೆ ನನಗೆ ಮೆಸೇಜ್ ಮಾಡಿ. ಅವರನ್ನು ಕೇಳಿ, ಒಪ್ಪಿದರೆ ನಂಬರ್ ಕೊಡುತ್ತೇನೆ.