ತಾರೀಕು ಬಿಟ್ಟು ಬೀದಿ ನೋಡಿ, ಮೇಷ್ಟ್ರೇ

ಶಿರಸಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಜರ್ಮನಿಯ ಕಿರ್ಶ್ನರ್ ಬರೆದ 'ಬೀದಿ, ಡ್ರೆಸ್ಡೆನ್' ತೈಲಚಿತ್ರ ಹಾಕಿ, ಕೆಳಗೆ 1908 ಎಂದು ಅಚ್ಚು ಮಾಡಿದ್ದೀರಿ. ಚಿತ್ರದ ಮೇಲೆ ಅವನೇ 1907 ಎಂದು ಹಾಕಿದ್ದಾನಂತೆ. ತಪ್ಪು ನಿಮ್ಮದೋ, ಸುಳ್ಳು ಅವನದೋ? ಸುಳ್ಳಾದರೆ ಅಂಥವನಿಗೆ ಎರಡು ಪುಟ ಯಾಕೆ?"

ಮೇಷ್ಟ್ರೇ, ಸುಳ್ಳು ಅವನದೇ. ಬರೆದದ್ದು 1908ರಲ್ಲಿ, ಮತ್ತೆ ಕೈಯಾಡಿಸಿದ್ದು 1919ರಲ್ಲಿ, ಹಾಕಿಕೊಂಡ ವರ್ಷ 1907. ಎಲ್ಲರಿಗಿಂತ ತಾನೇ ಮುಂದೆ ಅನ್ನಿಸಿಕೊಳ್ಳುವ ಚಪಲ ಅವನಿಗೆ ಜಾಸ್ತಿ. ನಾರ್ವೆಯ ಚಿತ್ರಕಾರ ಮುಂಕ್‌ನ ಪ್ರಭಾವ ಇದೆ ಎಂದರೆ ಒಪ್ಪುತ್ತಿರಲಿಲ್ಲ. ಸಾಲದ್ದಕ್ಕೆ ಲೂಯಿ ದ ಮಾರ್ಸಾಲ್ ಎಂಬ ಫ್ರೆಂಚ್ ವಿಮರ್ಶಕನನ್ನೇ ಹುಟ್ಟಿಸಿ, ಆ ಹೆಸರಿನಲ್ಲಿ ತನ್ನ ಚಿತ್ರಗಳನ್ನು ತಾನೇ ಹೊಗಳಿದ. ಕೊನೆಗೆ ಮಾರ್ಸಾಲ್ ತೀರಿಕೊಂಡ ಎಂದೂ ಸಾರಿದ! (ನನಗೆ ಇದು ಹೊಸದಲ್ಲ. ಕೆಲವು ಪುಸ್ತಕಗಳನ್ನು ಮೆಚ್ಚಿ ಬರುವ 'ಓದುಗರ ಪತ್ರ'ಗಳ ಅಕ್ಷರಕ್ಕೂ ಲೇಖಕರ ಅಕ್ಷರಕ್ಕೂ ಅಣ್ಣತಮ್ಮಂದಿರ ಹೋಲಿಕೆ ಇರುತ್ತದೆ.)

ಅಲ್ಲಿಗೆ ನೀವು ಗೆದ್ದಿರಿ. ಈಗ ಚಿತ್ರ ನೋಡೋಣ, ಅಲ್ವಾ?

ಅದು ಡ್ರೆಸ್ಡೆನ್‌ನ ಕೋನಿಗ್ ಬೀದಿ, ಶೋಕಿಯ ಜನ ಓಡಾಡುವ ಜಾಗ. ರಸ್ತೆಯೆಲ್ಲ ಗುಲಾಬಿ. ಬಲಗಡೆ ಇಬ್ಬರು ಹೆಂಗಸರು ಚಿತ್ರದಿಂದಾಚೆ ಬಂದು ನಮ್ಮ ಭುಜಕ್ಕೆ ತಾಗುವಷ್ಟು ಹತ್ತಿರ. ಒಬ್ಬಳು ಕೈಚೀಲ ಗಟ್ಟಿಯಾಗಿ ಹಿಡಿದಿದ್ದಾಳೆ, ಇನ್ನೊಬ್ಬಳು ತನ್ನ ಲಂಗ. ಮುಖಗಳು ಮುಖವಾಡ ಹಾಕಿದಂತಿವೆ. ನಡುವೆ ಪುಟ್ಟ ಹುಡುಗಿ, ಅವಳಿಗಿಂತ ಅವಳ ಟೋಪಿಯದೇ ದರ್ಬಾರು. ಹಿಂದೆ ಟ್ರಾಮು ದಾರಿ ಕಟ್ಟಿ ನಿಂತಿದೆ. ಉಸಿರುಗಟ್ಟುವಷ್ಟು ಜನ, ಆದರೂ ಒಬ್ಬೊಬ್ಬರೂ ಒಂಟಿ.

ಕಿರ್ಶ್ನರ್ ಓದಿದ್ದು ಚಿತ್ರಕಲೆಯನ್ನಲ್ಲ, ವಾಸ್ತುಶಿಲ್ಪ. 1905ರಲ್ಲಿ ಅದೇ ಊರಿನಲ್ಲಿ ಹೆಕೆಲ್, ಬ್ಲೈಲ್, ಶ್ಮಿಟ್-ರೊಟ್ಲುಫ್ ಎಂಬ ಮೂವರು ಗೆಳೆಯರ ಜೊತೆ 'ಸೇತುವೆ' ಅನ್ನುವ ಗುಂಪು ಕಟ್ಟಿದ. ಅವರ ಅಭ್ಯಾಸ ಹೀಗೆ: ಚಿತ್ರಕ್ಕೆಂದು ಎದುರು ಕೂತವರು ಕಾಲು ಗಂಟೆಗೊಮ್ಮೆ ಭಂಗಿ ಬದಲಿಸಬೇಕು, ಅಷ್ಟರಲ್ಲಿ ಗೀಚಿ ಮುಗಿಸಬೇಕು. ನಯಗಾರಿಕೆಗೆ ಪುರುಸೊತ್ತೇ ಇಲ್ಲ. 1906ರಲ್ಲಿ ಅವರ ಪ್ರದರ್ಶನ ನಡೆದದ್ದು ದೀಪದ ಕಾರ್ಖಾನೆಯೊಂದರಲ್ಲಿ!

ಆಮೇಲೆ ಯುದ್ಧ ಬಂತು. 1915ರಲ್ಲಿ ಸೈನ್ಯದಲ್ಲಿದ್ದಾಗ ಅವನ ಮನಸ್ಸು ಕುಸಿಯಿತು. ಕೊನೆಗೆ ಸ್ವಿಟ್ಜರ್ಲೆಂಡ್‌ನ ದಾವೋಸ್ ಸೇರಿದ. ಈ ಚಿತ್ರವನ್ನು ತಿದ್ದಿದ್ದು ಆ ಬೆಟ್ಟದ ದಿನಗಳಲ್ಲಿ. ಸುತ್ತ ಹಿಮ, ಹಸು, ಮರದ ಮನೆಗಳು. ಎದುರಿಗೆ ಹನ್ನೊಂದು ವರ್ಷ ಹಿಂದೆ ನಡೆದಾಡಿದ ಬೀದಿ. ಮತ್ತೆ ಕುಂಚ ಎತ್ತಿಕೊಂಡವನನ್ನು ಸುಳ್ಳ ಅಂತ ಬೈಯಲು ನನಗೆ ನಾಲಿಗೆ ಬರುವುದಿಲ್ಲ. 1937ರಲ್ಲಿ ನಾಜಿಗಳು ಅವನ 600ಕ್ಕೂ ಹೆಚ್ಚು ಕೃತಿಗಳನ್ನು ಕಿತ್ತುಕೊಂಡು, ಕೆಲವನ್ನು 'ಕುಲಗೆಟ್ಟ ಕಲೆ' ಎಂದು ಮ್ಯೂನಿಕ್‌ನಲ್ಲಿ ಸಾಲಾಗಿ ತೂಗುಹಾಕಿದರು. ಮರುವರ್ಷ ಜೂನ್‌ನಲ್ಲಿ ಅವನು ತನ್ನ ಪ್ರಾಣ ತಾನೇ ತೆಗೆದುಕೊಂಡ. ಕಿತ್ತುಕೊಂಡ ಕೃತಿಗಳ ಪಟ್ಟಿ ನಾಜಿಗಳ ಹತ್ತಿರವೂ ಬಹಳ ಅಚ್ಚುಕಟ್ಟಾಗಿತ್ತು, ಮೇಷ್ಟ್ರೇ.

ಕೋಪ ಮಾಡ್ಕೋಬೇಡಿ. ನಿಮ್ಮಷ್ಟು ಗಮನವಿಟ್ಟು ಓದುವವರು ಹತ್ತು ಜನ ಸಿಕ್ಕರೆ ಪತ್ರಿಕೆ ಬದುಕುತ್ತದೆ. ಆದರೆ 'ಯಾರು ಮೊದಲು' ಅನ್ನುವ ಹುಚ್ಚು ನಮಗೂ ಕಡಿಮೆ ಇಲ್ಲ. ನನ್ನ ಮೇಜಿಗೆ ಬರುವ ಯಾವ ಪುಸ್ತಕದ ಮುನ್ನುಡಿ ತೆರೆದರೂ 'ಕನ್ನಡದಲ್ಲಿ ಇದೇ ಮೊದಲ ಪ್ರಯತ್ನ'. ಎರಡನೆಯ ಪ್ರಯತ್ನ ಮಾಡಿದವರು ಒಬ್ಬರೂ ಇಲ್ಲ! ಪ್ರದರ್ಶನಕ್ಕೆ ಹೋದವರೂ ಹಾಗೇ. ಮೊದಲು ಚೀಟಿ ಓದುತ್ತಾರೆ, ಫೋನಿನಲ್ಲಿ ಫೋಟೋ ತೆಗೆಯುತ್ತಾರೆ, ಮುಂದಿನ ಗೋಡೆಗೆ ಹೋಗುತ್ತಾರೆ.

ಇನ್ನೊಂದು ಮಾತು. ಮುದ್ರಣದಲ್ಲಿ ಎಡವಟ್ಟಾಗಿ ಆ ಗುಲಾಬಿ ರಸ್ತೆ ನಮ್ಮ ಸಂಚಿಕೆಯಲ್ಲಿ ಇಟ್ಟಿಗೆ ಬಣ್ಣವಾಗಿತ್ತು. ತಲೆ ತಗ್ಗಿಸಿ ಕಾದೆ. ತಾರೀಕಿನ ಬಗ್ಗೆ ನಿಮ್ಮದೂ ಸೇರಿ ನಾಲ್ಕು ಪತ್ರ ಬಂತು. ಬಣ್ಣದ ಬಗ್ಗೆ ಒಂದೂ ಇಲ್ಲ.