ಗರ್ಭಕೋಶ ತೆಗೆಸಿಕೊಂಡವರ ‘ಗ್ಯಾಸ್ಟ್ರಿಕ್’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹಾಸನ ಜಿಲ್ಲೆಯ ಹಳ್ಳಿಯೊಂದರ 56 ವರ್ಷದ ಗೃಹಿಣಿಯನ್ನು ಅವರ ಮಗಳು ಆಪ್ತಸಲಹೆಗೆ ಕರೆತಂದಿದ್ದರು. ತಾಯಿ ಸರಿಯಾಗಿ ಉಣ್ಣುತ್ತಿಲ್ಲ, ಮಾತೆತ್ತಿದರೆ ಸಿಡುಕುತ್ತಾರೆ, ಯಾವುದನ್ನೋ ಮನಸ್ಸಿಗೆ ಹಚ್ಚಿಕೊಂಡಿರಬೇಕು ಎಂಬುದು ಮಗಳ ಅಂದಾಜಾಗಿತ್ತು.

ಮಗಳನ್ನು ಹೊರಗೆ ಕೂರಿಸಿ ತಾಯಿಯೊಬ್ಬರೊಡನೆ ಮಾತನಾಡಿದಾಗ ಬೇರೆಯೇ ಚಿತ್ರ ಸಿಕ್ಕಿತು. “ಹಸಿವಾಗುತ್ತೆ ಮೇಡಂ, ಅರ್ಧ ಮುದ್ದೆ ಉಣ್ಣುವಷ್ಟರಲ್ಲಿ ಹೊಟ್ಟೆ ಬಿಗಿದುಕೊಳ್ಳುತ್ತೆ” ಎಂದರು. ಖಿನ್ನತೆಯಲ್ಲಿ ಸಾಮಾನ್ಯವಾಗಿ ಊಟದ ಮೇಲಿನ ಆಸೆಯೇ ಕುಗ್ಗುತ್ತದೆ. ಇವರಿಗೆ ಆಸೆಯಿತ್ತು, ಹೊಟ್ಟೆಯಲ್ಲಿ ಜಾಗವಿರಲಿಲ್ಲ. ತೋಳು ಸಣ್ಣಗಾಗಿ ಬಳೆ ಜಾರುತ್ತಿದ್ದರೂ ಲಂಗದ ಲಾಡಿಯನ್ನು ಮಾತ್ರ ಸಡಿಲಿಸಿ ಕಟ್ಟಬೇಕಾಗಿತ್ತು. ಕಿಬ್ಬೊಟ್ಟೆಯಲ್ಲಿ ಭಾರ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು ಮೂರು ತಿಂಗಳಿಂದ ನಡೆದಿತ್ತು. ಮೆಡಿಕಲ್ ಸ್ಟೋರ್‌ನ ಗ್ಯಾಸ್ ಮಾತ್ರೆ ಮತ್ತು ಜೀರಿಗೆ ಕಷಾಯದಲ್ಲೇ ದಿನ ದೂಡಿದ್ದರು.

ಸ್ತ್ರೀರೋಗ ತಜ್ಞರ ಮಾತೆತ್ತಿದೊಡನೆ ಅವರು, “ಗರ್ಭಕೋಶವನ್ನೇ ತೆಗೆಸಿ ಆಗಿದೆ, ಅಲ್ಲಿ ತೋರಿಸುವುದಕ್ಕೆ ಏನಿದೆ?” ಎಂದರು. ನಮ್ಮ ಹಳ್ಳಿಗಳಲ್ಲಿ ಬಹಳಷ್ಟು ಹೆಣ್ಣುಮಕ್ಕಳು ಚಿಕ್ಕ ವಯಸ್ಸಿಗೇ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವುದರಿಂದ ಈ ಮಾತನ್ನು ನಾನು ಪದೇ ಪದೇ ಕೇಳುತ್ತೇನೆ, ಕೇಳಿದಾಗಲೆಲ್ಲ ಆತಂಕವಾಗುತ್ತದೆ. ಮುಟ್ಟು ನಿಲ್ಲುವ ಮೊದಲೇ ಗರ್ಭಕೋಶ ತೆಗೆಯುವಾಗ ಅಂಡಾಶಯಗಳನ್ನು ಅನೇಕ ಸಲ ಹಾಗೆಯೇ ಉಳಿಸುತ್ತಾರೆ. ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಹುಡುಕಿಸಿ ನೋಡಿದಾಗ ಇವರಿಗೂ ಎರಡೂ ಅಂಡಾಶಯಗಳು ಉಳಿದಿದ್ದವು.

ಉಳಿದ ಅಂಡಾಶಯಕ್ಕೂ ಕ್ಯಾನ್ಸರ್ ಬರಬಹುದು. ಇವರದು ಅದೇ ಎಂದು ಹೇಳುವ ಅರ್ಹತೆ ಆಪ್ತಸಲಹೆಗಾರ್ತಿಯಾದ ನನಗಿಲ್ಲ, ಹೇಳಲೂ ಇಲ್ಲ. ಆದರೆ ಹೊಟ್ಟೆ ಉಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಮೂತ್ರದ ಅವಸರ ಇವು ಹೊಸದಾಗಿ ಶುರುವಾಗಿ ತಿಂಗಳಲ್ಲಿ 12ಕ್ಕೂ ಹೆಚ್ಚು ದಿನ ಕಾಡುತ್ತಿದ್ದರೆ ಅಂಡಾಶಯವನ್ನು ಪರೀಕ್ಷಿಸಲೇಬೇಕು, ಅದರಲ್ಲೂ 50 ದಾಟಿದವರು ತಡಮಾಡಬಾರದು ಎಂದು ತಿಳಿಸಿದೆ. ವೈದ್ಯರ ಮುಂದೆ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತಿನಲ್ಲಿ ಮುಗಿಸದೆ, ಯಾವಾಗಿನಿಂದ, ವಾರಕ್ಕೆ ಎಷ್ಟು ದಿನ, ಎಷ್ಟು ಊಟ ಸೇರುತ್ತದೆ ಎಂಬುದನ್ನು ಹೇಳುವಂತೆ ಅಲ್ಲಿಯೇ ಒಮ್ಮೆ ಹೇಳಿಸಿದೆ. ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ಗೆ ಅವರು ಸಂಕೋಚಪಟ್ಟರು. ಮಹಿಳಾ ವೈದ್ಯರೇ ಬೇಕೆಂದು ಕೇಳಬಹುದು, ಮಗಳನ್ನು ಜೊತೆಗಿಟ್ಟುಕೊಳ್ಳಬಹುದು ಎಂದ ಮೇಲೆ ಒಪ್ಪಿದರು.

ಸ್ಕ್ಯಾನಿಂಗ್‌ನಲ್ಲಿ ಎಡ ಅಂಡಾಶಯದಲ್ಲಿ ಗಡ್ಡೆಯೂ ಹೊಟ್ಟೆಯಲ್ಲಿ ನೀರೂ ಕಂಡವು. ಅಂಡಾಶಯದ ಕ್ಯಾನ್ಸರ್‌ನಲ್ಲಿ ಹೆಚ್ಚಾಗಬಲ್ಲ ಸಿಎ-125 ಎಂಬ ಪ್ರೋಟೀನ್ ರಕ್ತದಲ್ಲಿ ಏರಿತ್ತು. ಈ ಅಂಶ ಹೊಟ್ಟೆಯ ಕ್ಷಯದಲ್ಲೂ ಎಂಡೋಮೆಟ್ರಿಯೋಸಿಸ್‌ನಲ್ಲೂ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಏರುವುದರಿಂದ, ವರದಿಯ ಆ ಒಂದು ಅಂಕಿಯನ್ನು ಹಿಡಿದು ತೀರ್ಮಾನಕ್ಕೆ ಬರಬೇಡಿ ಎಂದು ಮಗಳಿಗೆ ಫೋನಿನಲ್ಲಿ ಹೇಳಬೇಕಾಯಿತು. ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಸ್ತ್ರೀ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲೇ ತರಬೇತಿ ಪಡೆದವರಿಗೆ ತೋರಿಸಲು ಸೂಚಿಸಿದೆ. ಅಲ್ಲಿ ಅಂಡಾಶಯದ ಕ್ಯಾನ್ಸರ್ ಎಂದು ಖಚಿತವಾಗಿ, ಶಸ್ತ್ರಚಿಕಿತ್ಸೆಯಾಯಿತು. ಈಗ ಕಿಮೋಥೆರಪಿ ನಡೆಯುತ್ತಿದೆ.

ಮಗಳಿಗೆ ತನ್ನ ಬಗ್ಗೆಯೂ ಭಯ ಹತ್ತಿತ್ತು. ಶಿಬಿರವೊಂದರಲ್ಲಿ ಮಾಡಿಸಿದ ಪ್ಯಾಪ್ ಪರೀಕ್ಷೆ ಸರಿಯಾಗಿ ಬಂದಿದ್ದರಿಂದ ನೆಮ್ಮದಿಯಾಗಿರಬಹುದೇ ಎಂದು ಕೇಳಿದರು. ಆ ಪರೀಕ್ಷೆ ಗರ್ಭಕೋಶದ ಕೊರಳಿಗೆ ಸಂಬಂಧಿಸಿದ್ದು. ಅದು ಅಂಡಾಶಯದ ಕಾಯಿಲೆಯನ್ನು ಹಿಡಿಯುವುದಿಲ್ಲ. ಲಕ್ಷಣಗಳಿಲ್ಲದ ಸಾಮಾನ್ಯ ಮಹಿಳೆಯರಿಗೆ ವರ್ಷವರ್ಷ ಸ್ಕ್ಯಾನಿಂಗ್ ಮಾಡಿಸುವುದರಿಂದ ಸಾವು ಕಡಿಮೆಯಾಗಲಿಲ್ಲವೆಂದು 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಅವರಿಗೆ ಬೇಕಾಗಿದ್ದದ್ದು ಕುಟುಂಬದ ಚರಿತ್ರೆ. ವಿಚಾರಿಸಿದಾಗ, ತಾಯಿಯ ಸೋದರತ್ತೆ ನಲವತ್ತರ ಆಸುಪಾಸಿನಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ತಾಯಿಯ ತಂದೆಯ ಕಡೆಯವರೆಂಬ ಕಾರಣಕ್ಕೆ ಅದನ್ನು ಯಾರೂ ವೈದ್ಯರಿಗೆ ಹೇಳಿರಲಿಲ್ಲ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಅಪಾಯವನ್ನು ಹೆಚ್ಚಿಸುವ ಬಿಆರ್‌ಸಿಎ ಎಂಬ ವಂಶವಾಹಿಯ ದೋಷ ತಂದೆಯ ಕಡೆಯಿಂದಲೂ ಬರುತ್ತದೆ. ಮೊದಲು ತಾಯಿಗೆ ವಂಶವಾಹಿ ಪರೀಕ್ಷೆ ಮಾಡಿಸಿ, ದೋಷ ಕಂಡುಬಂದರೆ ಮಕ್ಕಳು ಪರೀಕ್ಷಿಸಿಕೊಳ್ಳಲಿ ಎಂದು ಸಲಹೆ ನೀಡಿದೆ. ತಮ್ಮನಿಗೆ ಇದೆಲ್ಲ ಯಾಕೆ ಎಂದು ಮಗಳು ಕೇಳಿದಾಗ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು, ಗಂಡಸಿನಿಂದ ಅವನ ಹೆಣ್ಣುಮಕ್ಕಳಿಗೂ ದಾಟುತ್ತದೆ ಎಂದು ವಿವರಿಸಿದೆ. ತಮ್ಮನಿಗೆ ಎರಡು ಹೆಣ್ಣುಮಕ್ಕಳಿದ್ದಾರೆ. ಮುಂದಿನ ಭೇಟಿಗೆ ಅವನನ್ನೂ ಕರೆತರಲು ಅವರು ಒಪ್ಪಿದ್ದಾರೆ.