ಒಂದೇ ಈಡಿಗೆ ಬಿದ್ದದ್ದು ಸರಿ, ಬೀಳದೆ ಓಡಿದ್ದು ಎಲ್ಲಿ ಹೋಯಿತು?

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಕೆಚ್ಚಲು ಬಾವು, ನಾಯಿಯ ಉಣ್ಣಿ ಬಿಟ್ಟರೆ ಜಾಸ್ತಿ ಇರುವುದು ಬೇಟೆಯ ಬಗ್ಗೆ. ಗದ್ದೆಯಲ್ಲಿ ತೆನೆ ಹಾಲುಗಟ್ಟುವ ಹೊತ್ತಿಗೆ ರಾಶಿ ಬೀಳುತ್ತವೆ. ನಾನು ಮಲೆನಾಡಿನ ಪಶುವೈದ್ಯ. ದನ, ಎಮ್ಮೆಗಳ ಜೊತೆಗೆ ಉರುಳಿಗೆ ಸಿಕ್ಕ ಚಿರತೆ, ಸಿಡಿಮದ್ದು ಕಚ್ಚಿದ ಹಂದಿ, ಕೋವಿಯ ಚರೆ ತಾಗಿದ ಕಡವೆ ಇವನ್ನೆಲ್ಲ ನೋಡುತ್ತಾ 20 ವರ್ಷ ದಾಟಿತು. ಹಾಗಾಗಿ ನನ್ನನ್ನು ಕೇಳುತ್ತೀರಿ, ಸರಿ. ಆದರೆ ಅದೇ ಪ್ರಶ್ನೆಗಳನ್ನು ಬೇರೆ ಬೇರೆ ಊರಿನಿಂದ ಕಳಿಸಿದರೆ ಉತ್ತರ ಬದಲಾಗುವುದಿಲ್ಲ. ಈ ಸಲ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದ ಇದೆ, ಅದು ನಿಮಗೆ ಗೊತ್ತಿದೆ ಎಂದೇ ಹಿಡಿದು ಬರೆಯುತ್ತೇನೆ.

ಪ್ರಶ್ನೆ: ನಾವು ಅಜ್ಜನ ಕಾಲದಿಂದ ಹಂದಿ ಹೊಡೆದು ತಿಂದವರು. ಕಾಡೇನೂ ಮುಗಿದಿಲ್ಲ. ಫಾರಂ ಕೋಳಿ ತಿನ್ನುವ ಪೇಟೆಯವರು ನಮ್ಮನ್ನು ಕ್ರೂರಿಗಳು ಅಂತಾರೆ. ಕಾಡಿನಲ್ಲಿ ಸ್ವತಂತ್ರವಾಗಿ ಬದುಕಿ ಒಂದೇ ಈಡಿಗೆ ಬೀಳುವ ಹಂದಿ ಆ ಕೋಳಿಗಿಂತ ಸುಖಿ ಅಲ್ವಾ? ಹಂದಿ ಬೇಟೆ ನಮ್ಮ ಸಂಸ್ಕೃತಿ, ಆತಕೂರು ಶಾಸನದಲ್ಲೇ ಇದೆ. ಇದಕ್ಕೇನಂತೀರಿ?

ಮೊದಲು ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಒಪ್ಪಿಕೊಳ್ಳುತ್ತೇನೆ. ಫಾರಂ ಕೋಳಿ ಬದುಕುವುದು ಸುಮಾರು ಆರು ವಾರ. ಅದಕ್ಕೆ ಸಿಗುವುದು ಒಂದು ಚದರಡಿ ಜಾಗ. ಮಣ್ಣು ಕೆದಕಿ ಗೊತ್ತಿಲ್ಲ, ಬಿಸಿಲು ಕಾಯಿಸಿ ಗೊತ್ತಿಲ್ಲ. ನಾನು ಆ ಶೆಡ್ಡುಗಳಿಗೂ ಹೋಗುತ್ತೇನೆ, ಸಂತೋಷದಿಂದ ಹೊರಗೆ ಬಂದ ದಿನ ಇಲ್ಲ. ಆ ಕೋಳಿ ತಿಂದು ಕೈ ತೊಳೆದುಕೊಂಡು, ಹಂದಿ ಹೊಡೆದವನನ್ನು ರಾಕ್ಷಸ ಎನ್ನುವವರ ಮೇಲೆ ನನಗೂ ಸಿಟ್ಟಿದೆ. ಮಲೆನಾಡಿನವರೆಲ್ಲ ಕಳ್ಳಬೇಟೆಯವರು ಎಂದರೆ ನನ್ನ ಮನೆಯವರಿಗೇ ಬೈದ ಹಾಗೆ. ನಾನೂ ಆ ಮಾಂಸ ತಿಂದು ಬೆಳೆದವನು. ದೊಡ್ಡಪ್ಪನ ಹತ್ತಿರ ಜೋಡುನಳಿಗೆ ಕೋವಿ ಇತ್ತು.

ಈಗ ನೀವು ಬರೆದದ್ದನ್ನು ಇನ್ನೊಮ್ಮೆ ಓದಿ. ‘ಸ್ವತಂತ್ರವಾಗಿ ಬದುಕಿ ಒಂದೇ ಈಡಿಗೆ ಬೀಳುವ ಹಂದಿ.’ ಬೇಟೆಯ ಪರವಾಗಿ ನಾನು ಕೇಳಿದ ಮಾತುಗಳಲ್ಲಿ ಇದೇ ಗಟ್ಟಿ. ಮಾತು ಗಟ್ಟಿ ಇದ್ದರೆ ಆಡಿದವನೂ ಅದಕ್ಕೆ ಕಟ್ಟುಬೀಳಬೇಕು. ಒಂದೇ ಈಡಿಗೆ ಬೀಳುತ್ತದೆ, ಅದಕ್ಕೇ ನಮ್ಮದು ಸರಿ ಅಂತಾದರೆ, ಬೀಳದೆ ಓಡಿದ್ದಕ್ಕೆ ನೀವೇ ಉತ್ತರ ಹೇಳಬೇಕಾಗುತ್ತದೆ. ಬೇಟೆಯ ಕತೆ ಹೇಳುವಾಗ ಬಿದ್ದ ಹಂದಿ ಮಾತ್ರ ಬರುತ್ತದೆ. ಓಡಿ ಹೋದದ್ದನ್ನು ನೋಡುವವರು ನಾವು.

ಹೊಟ್ಟೆಗೆ ಚರೆ ಹೊಕ್ಕ ಪ್ರಾಣಿ ತಕ್ಷಣ ಸಾಯುವುದಿಲ್ಲ. ಕರುಳು ತೂತಾಗಿ, ಒಳಗೆಲ್ಲ ಕೀವು ಹರಡಿ ಸಾಯಲು ದಿನಗಟ್ಟಲೆ ಬೇಕು. ಕಾಲು ಮುರಿದದ್ದು ಮೂರು ಕಾಲಲ್ಲಿ ಕುಂಟುತ್ತಾ ಬಡಕಲಾಗುತ್ತದೆ, ಗಾಯಕ್ಕೆ ಹುಳ ಬೀಳುತ್ತದೆ. ಹಣೆಗೆ ಲೈಟು ಕಟ್ಟಿಕೊಂಡು ಕತ್ತಲಲ್ಲಿ ಮಿನುಗುವ ಕಣ್ಣಿಗೆ ಗುರಿಯಿಟ್ಟರೆ ಅದು ಗಂಡೋ ಹೆಣ್ಣೋ, ಮರಿ ಇದೆಯೋ ಇಲ್ಲವೋ ಯಾರಿಗೆ ಗೊತ್ತು? ಹೆಣ್ಣು ಹಂದಿ ಸುಮಾರು 115 ದಿನ ಹೊತ್ತು ಹೆರುತ್ತದೆ. ಸೊಪ್ಪು ಹುಲ್ಲು ಕೂಡಿಸಿ ಗೂಡು ಮಾಡಿ ಮರಿಗಳನ್ನು ಇಟ್ಟಿರುತ್ತದೆ. ತಾಯಿ ಬಿದ್ದರೆ ಆ ಗೂಡಿನಲ್ಲಿ ನಾಲ್ಕೈದು ಮರಿ ಹಸಿದು ಸಾಯುತ್ತವೆ. ಅವನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿದಿರಾ?

ದೊಡ್ಡಪ್ಪನದು ಒಂದು ಹಟ ಇತ್ತು. ಈಡು ತಾಗಿ ಓಡಿದ್ದು ಸಿಗುವ ತನಕ ಯಾರೂ ಮನೆಗೆ ಹೋಗುವ ಹಾಗಿಲ್ಲ. ಒಮ್ಮೆ ಮುಸ್ಸಂಜೆಯಲ್ಲಿ ಹೊಡೆದ ಹಂದಿ ತಪ್ಪಿಸಿಕೊಂಡಿತು. ರಾತ್ರಿ ಮಳೆ ಬಂದು ರಕ್ತದ ಜಾಡು ತೊಳೆದುಹೋಯಿತು. ಮೂರನೇ ದಿನ ಕಾಗೆಗಳ ಗಲಾಟೆ ಕೇಳಿ ಹೋದರೆ ಹಳ್ಳದ ಪಕ್ಕ ಬಿದ್ದಿತ್ತು, ಕೆಳದವಡೆ ಚೂರಾಗಿತ್ತು. ಮೂತಿ ನೀರಿನಿಂದ ಒಂದು ಗೇಣು ದೂರ. ಕುಡಿಯಲು ಬಾಯಿಯೇ ಉಳಿದಿರಲಿಲ್ಲ. ನನಗಾಗ ಹನ್ನೊಂದು ವರ್ಷ. ದೊಡ್ಡಪ್ಪ ಬೇಟೆ ಬಿಟ್ಟರು ಅಂತ ಹೇಳಿದರೆ ಸುಳ್ಳಾಗುತ್ತದೆ, ಬಿಡಲಿಲ್ಲ. ಆದರೆ ಸಂಜೆಯಾದ ಮೇಲೆ ಯಾವತ್ತೂ ಈಡು ಹೊಡೆಯಲಿಲ್ಲ. ಈಗ ರಾತ್ರಿ ಜೀಪಿನಲ್ಲಿ ಲೈಟು ಹಾಕಿಕೊಂಡು ಹೋಗುವವರು ನನ್ನ ಹತ್ತಿರ ಬಂದು ಅಜ್ಜನ ಕಾಲದ ಪದ್ಧತಿ ಎಂದರೆ ನನಗೆ ಸಹಿಸಲು ಆಗುವುದಿಲ್ಲ.

ಕೋವಿಯಾದರೂ ವಾಸಿ ಎನ್ನಬೇಕು. ಇವತ್ತು ಮಲೆನಾಡಿನಲ್ಲಿ ಹಂದಿಗೆ ಅಂತ ಇಡುವುದರಲ್ಲಿ ಬಹಳಷ್ಟು ಉರುಳು. ಬೈಕಿನ ಕ್ಲಚ್ ವೈರು, ಒಂದು ಗೂಟ, ಒಂದು ಕುಣಿಕೆ. ಇಟ್ಟವನು ಮನೆಗೆ ಹೋಗಿ ಮಲಗುತ್ತಾನೆ. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು, ಪಕ್ಕದ ಮನೆಯ ನಾಯಿ ಯಾವುದು ಎಂದು ಗೊತ್ತಾಗುವುದಿಲ್ಲ. ಕಾಫಿ ತೋಟದ ಬೇಲಿಯಲ್ಲಿ ಸೊಂಟಕ್ಕೆ ತಂತಿ ಬಿಗಿದಿದ್ದ ಒಂದು ಹೆಣ್ಣು ಚಿರತೆಯನ್ನು ಬಿಡಿಸಲು ಹೋಗಿದ್ದೆ. ರಾತ್ರಿಯೆಲ್ಲ ಎಳೆದಾಡಿ ತಂತಿ ಮಾಂಸದೊಳಗೆ ಇಳಿದಿತ್ತು, ಉಗುರು ಕಿತ್ತು ಬಂದಿತ್ತು, ಸುತ್ತಲಿನ ನೆಲ ಉತ್ತ ಹಾಗಿತ್ತು. ಅರಿವಳಿಕೆ ಕೊಟ್ಟು ಬಿಡಿಸಿದೆವು. ಜನ ಚಪ್ಪಾಳೆ ತಟ್ಟಿದರು. ಸೊಂಟಕ್ಕೆ ಬಿಗಿದಾಗ ರಕ್ತವಿಲ್ಲದೆ ಸ್ನಾಯು ಸಾಯುತ್ತದೆ. ತಂತಿ ಬಿಚ್ಚಿದ ಮೇಲೆ ಆ ಸತ್ತ ಸ್ನಾಯುವಿನ ವಿಷವೆಲ್ಲ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡುತ್ತದೆ. ಮೂರನೇ ದಿನ ಸತ್ತುಹೋಯಿತು, ಆಗ ನೋಡಲು ಯಾರೂ ಇರಲಿಲ್ಲ. ಆ ಉರುಳು ಇಟ್ಟದ್ದು ಹಂದಿಗೆ.

ತಿನಿಸಿನಲ್ಲಿ ಅಡಗಿಸಿ ಇಡುವ ಸಿಡಿಮದ್ದಿನದೂ ಇದೇ ಕತೆ. 2020ರಲ್ಲಿ ಪಾಲಕ್ಕಾಡಿನಲ್ಲಿ ಬಸುರಿ ಆನೆಯೊಂದು ಬಾಯಿ ಸಿಡಿದು ನದಿಯಲ್ಲಿ ನಿಂತೇ ಸತ್ತಾಗ ದೇಶವೆಲ್ಲ ಅತ್ತಿತು. ಮೇಯಲು ಹೋಗಿ ದವಡೆ ಒಡೆದುಕೊಂಡು ಬಂದ ಹಸುಗಳನ್ನು ನಾನು ಅದಕ್ಕೂ ಮೊದಲಿನಿಂದ ನೋಡುತ್ತಿದ್ದೇನೆ. ಹೊಲಿಯಲು ಏನೂ ಉಳಿದಿರುವುದಿಲ್ಲ.

ಆತಕೂರಿಗೆ ಬರೋಣ. ಶಾಸನ ಇರುವುದು ನಿಜ, ಕ್ರಿ.ಶ. 950ರ ಹೊತ್ತಿನದು, ಮಂಡ್ಯ ಜಿಲ್ಲೆಯದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಹೋಗಿ ನೋಡಿ. ಮಣಲೇರ ಎಂಬ ವೀರನ ನಾಯಿ ಕಾಳಿ, ಎದುರಿಗೆ ಹಂದಿ. ಎರಡೂ ಮುಖಾಮುಖಿ ಬಿದ್ದು ಹೋರಾಡಿ ಎರಡೂ ಸತ್ತವು. ಸತ್ತ ನಾಯಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣುವ ಹಾಗಿಲ್ಲ ಎಂದು ಕೆತ್ತಿಸಿದರು. ಅಲ್ಲಿ ನಾಯಿಯ ಪ್ರಾಣಕ್ಕೂ ಬೆಲೆ ಇತ್ತು, ಹಂದಿಗೆ ತಿರುಗಿ ಬೀಳುವ ಅವಕಾಶವೂ ಇತ್ತು. ಕ್ಲಚ್ ವೈರಿಗೆ ಆ ಕಲ್ಲನ್ನು ಸಾಕ್ಷಿ ಕರೆಯಬೇಡಿ. ಹಳೆಯದೇ ಬೇಕೆಂದರೆ ಪಾಂಡುರಾಜನ ಕತೆಯನ್ನೂ ನೆನಪು ಮಾಡಿಕೊಳ್ಳಿ. ಜಿಂಕೆಯ ರೂಪದಲ್ಲಿ ಹೆಂಡತಿಯ ಜೊತೆ ಕೂಡಿದ್ದ ಕಿಂದಮ ಮುನಿಗೆ ಬಾಣ ಬಿಟ್ಟು, ಜಿಂಕೆ ಹೊಡೆಯುವುದು ರಾಜರ ಧರ್ಮ, ಅಗಸ್ತ್ಯರೂ ಹೊಡೆದಿದ್ದರು ಎಂದು ಪಾಂಡು ವಾದಿಸುತ್ತಾನೆ. ನಿಮ್ಮ ವಾದದ ಹಾಗೆಯೇ ಇದೆ, ಅಲ್ವಾ? ಜಿಂಕೆ ಕೊಂದದ್ದಕ್ಕೆ ನಾನು ನಿನ್ನನ್ನು ದೂರುವುದಿಲ್ಲ, ನಾವು ಬೇರೆಯಾಗುವ ತನಕ ನೀನು ಕಾಯಬೇಕಿತ್ತು ಎನ್ನುತ್ತಾನೆ ಸಾಯುತ್ತಿರುವ ಮುನಿ. ಅವನ ಆಕ್ಷೇಪ ಕೊಂದ ರೀತಿಗೆ. ನನ್ನದೂ ಅಷ್ಟೇ.

ಇನ್ನು ‘ಕಾಡೇನೂ ಮುಗಿದಿಲ್ಲ’ ಎಂಬ ಮಾತು. ಅಜ್ಜನ ಕಾಲದಲ್ಲಿ ಊರಿಗೆ ಎರಡು ಕೋವಿ, ಹಂಚಿ ತಿನ್ನಲು ಹತ್ತಾರು ಮನೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 6.11 ಕೋಟಿ ಜನ. ಒಬ್ಬೊಬ್ಬರು ವರ್ಷಕ್ಕೆ ಒಂದೇ ಕಿಲೋ ಕಾಡುಮಾಂಸ ತಿಂದರೂ, ಒಂದು ಹಂದಿಗೆ 40 ಕಿಲೋ ಎಂದು ಹಿಡಿದರೆ, 15 ಲಕ್ಷ ಹಂದಿ ಬೇಕು. ಪ್ರತಿ ವರ್ಷ. ಕೋಳಿಯ ಬದಲಿಗೆ ಕಾಡು ಎನ್ನುವ ವಾದ ಊರಲ್ಲಿ ನಾಲ್ಕು ಜನ ಮಾತ್ರ ತಿನ್ನುವ ತನಕ ನಿಲ್ಲುತ್ತದೆ. ಆ ನಾಲ್ಕು ಜನ ಯಾರಾಗಬೇಕು ಎಂದು ಯಾರು ತೀರ್ಮಾನ ಮಾಡಿದರು? ಕಾಡಿನಲ್ಲೇ ಹುಟ್ಟಿದ ಜೇನುಕುರುಬರು ಒಂದು ಮೊಲ ಹಿಡಿದರೆ ಕೇಸು. ಜೀಪಿದ್ದವನ ಮನೆಯಲ್ಲಿ ಶನಿವಾರ ರಾತ್ರಿ ಪಾರ್ಟಿ. ಇದನ್ನು ಸಂಸ್ಕೃತಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಹಂದಿಯ ಯಾವ ಜಾಗಕ್ಕೆ ಹೊಡೆದರೆ ನೋವಿಲ್ಲದೆ ಬೇಗ ಸಾಯುತ್ತದೆ?

ಹೇಳುವುದಿಲ್ಲ. ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ಚಿಪ್ಪುಹಂದಿಯ ಚಿಪ್ಪು ಮೂಲವ್ಯಾಧಿಗೆ ಒಳ್ಳೆಯದಂತೆ, ಹೌದಾ?

ಅದು ನಿಮ್ಮ ಉಗುರಿನದೇ ವಸ್ತು, ಕೆರಾಟಿನ್. ಮೂಲವ್ಯಾಧಿಗೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಹತ್ತಾಜೋಡಿ ಬೇರು ಮನೆಯಲ್ಲಿಟ್ಟರೆ ದುಡ್ಡು ನಿಲ್ಲುತ್ತದೆ ಅಂತ ಒಬ್ಬರು ಮಾರುತ್ತಿದ್ದಾರೆ. ಇದಕ್ಕೂ ಬೇಟೆಗೂ ಸಂಬಂಧ ಇದೆಯಾ?

ಇದೆ. ಆ ಹೆಸರಿನಲ್ಲಿ ಮಾರುವುದು ಹೆಚ್ಚಾಗಿ ಗಂಡು ಉಡದ ಜನನಾಂಗ, ಒಣಗಿಸಿದ್ದು. ಜೋಡಿಸಿದ ಕೈಗಳ ಹಾಗೆ ಕಾಣುತ್ತದೆ, ಬೇರು ಅಂತ ನಂಬಿಸುತ್ತಾರೆ. ಉಡದ ಎಣ್ಣೆ, ನವಿಲೆಣ್ಣೆ ಮಾರುವವರೂ ಇದೇ ಗುಂಪು. ಮಂಡಿನೋವಿಗೆ ನವಿಲೆಣ್ಣೆ ಹಚ್ಚಿ ವಾಸಿಯಾಯಿತು ಎನ್ನುವವರಿಗೆ ವಾಸಿ ಮಾಡಿದ್ದು ತಿಕ್ಕಿದ ಕೈ, ಎಣ್ಣೆಯಲ್ಲ. ಉಡ, ನವಿಲು ಎರಡೂ ಕಾಯ್ದೆಯ 1ನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳು. ಮಾರುವವನು ತಪ್ಪಿಸಿಕೊಳ್ಳುತ್ತಾನೆ, ಮನೆಯಲ್ಲಿಟ್ಟುಕೊಂಡ ನೀವು ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ಕಾಡುಮಾಂಸದಲ್ಲಿ ಔಷಧಿ, ಇಂಜೆಕ್ಷನ್ ಇಲ್ಲ. ಆರೋಗ್ಯಕ್ಕೆ ಒಳ್ಳೆಯದಲ್ವಾ?

ಚರೆ ಸೀಸದ್ದು. ಮಾಂಸದೊಳಗೆ ಒಡೆದು ಹರಡುವ ಚೂರು ಕಣ್ಣಿಗೆ ಕಾಣುವುದಿಲ್ಲ, ಮಕ್ಕಳ ಮಿದುಳಿಗೆ ಸೀಸ ಚೂರೂ ಆಗದು. ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು 1991ರಲ್ಲೇ ನಿಲ್ಲಿಸಿದ್ದಾರೆ. ಜೊತೆಗೆ ಹಂದಿಯ ಮಾಂಸದಲ್ಲಿ ಹುಳದ ಮರಿಗಳಿರುವ ಚೀಲಗಳಿರಬಹುದು. ಕಸಾಯಿಖಾನೆಯ ಮಾಂಸವನ್ನು ಒಬ್ಬ ವೈದ್ಯನಾದರೂ ನೋಡಿರುತ್ತಾನೆ, ಇದನ್ನು ಯಾರು ನೋಡಿದ್ದಾರೆ?

ಪ್ರಶ್ನೆ: ಆಫ್ರಿಕಾದಲ್ಲಿ ದುಡ್ಡು ಕೊಟ್ಟು ಬೇಟೆಯಾಡಲು ಬಿಡುತ್ತಾರೆ, ಅದರಿಂದಲೇ ಪ್ರಾಣಿಗಳು ಉಳಿದಿವೆಯಂತೆ. ಇಲ್ಲೂ ಬಿಡಬಾರದಾ?

ಎಲ್ಲ ಕಡೆ ಒಂದೇ ಅಲ್ಲ. ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿತು. ನಮೀಬಿಯಾ 1996ರಲ್ಲಿ ಹಳ್ಳಿಗರ ಸಂಘಗಳಿಗೆ ಪ್ರಾಣಿಗಳ ಮೇಲೆ ಹಕ್ಕು ಕೊಟ್ಟಿತು. ಪಾಕಿಸ್ತಾನದಲ್ಲಿ ಮಾರ್ಖೋರ್ ಎಂಬ ಕಾಡುಮೇಕೆಗೆ ವರ್ಷಕ್ಕೆ ಬೆರಳೆಣಿಕೆಯ ಪರವಾನಗಿ, ದುಡ್ಡಿನಲ್ಲಿ ಶೇ 80 ಊರಿನವರಿಗೆ. ಅಲ್ಲಿ ಮೇಕೆಗಳು ಹೆಚ್ಚಾದವು. ಅಮೆರಿಕದಲ್ಲಿ 1937ರಿಂದ ಬಂದೂಕು, ತೋಟೆಗಳ ಮೇಲಿನ ತೆರಿಗೆ ಕಾಡುಪ್ರಾಣಿಗಳಿಗೆ ಹೋಗುತ್ತದೆ. ಅಲ್ಲಿನ ಬೇಟೆಗಾರ ವಾದಕ್ಕೆ ನಿಂತರೆ ರಸೀದಿ ತೋರಿಸುತ್ತಾನೆ. ನೀವು ಯಾವ ರಸೀದಿ ತೋರಿಸುತ್ತೀರಿ? ಅಷ್ಟೆಲ್ಲ ಇದ್ದೂ 2015ರಲ್ಲಿ ಜಿಂಬಾಬ್ವೆಯ ಸೆಸಿಲ್ ಎಂಬ ಸಿಂಹಕ್ಕೆ ಬಾಣ ತಾಗಿ, ಅದು ಗಂಟೆಗಟ್ಟಲೆ ಒದ್ದಾಡಿ ಸತ್ತಾಗ ಯಾವ ರಸೀದಿಯೂ ಜನರ ಸಿಟ್ಟನ್ನು ತಣಿಸಲಿಲ್ಲ.

ಪ್ರಶ್ನೆ: ನನ್ನದು ಎರಡು ಎಕರೆ ಗದ್ದೆ. ಒಂದೇ ರಾತ್ರಿಯಲ್ಲಿ ಅರ್ಧ ಹೋಯಿತು. ನೀತಿಪಾಠ ಬೇಡ, ಏನು ಮಾಡಲಿ ಹೇಳಿ.

ನಿಮ್ಮ ಸಿಟ್ಟು ನ್ಯಾಯವಾದದ್ದು. ನಷ್ಟದ ಫೋಟೊ ಬೆಳಿಗ್ಗೆಯೇ ತೆಗೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ, ಇಲಾಖೆಯ ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾದ ಸಂಖ್ಯೆ ಕೇಳಿ ಪಡೆಯಿರಿ. ಸಿಗುವ ದುಡ್ಡು ನಷ್ಟಕ್ಕೆ ಸಾಲುವುದಿಲ್ಲ, ಗೊತ್ತು. ಆದರೂ ಕೊಡಿ, ಅರ್ಜಿ ಬೀಳದ ಊರಿನಲ್ಲಿ ಹಂದಿ ಕಾಟವೇ ಇಲ್ಲ ಎಂದು ಕಾಗದ ಹೇಳುತ್ತದೆ. ಬೆಳೆಗೆ ನುಗ್ಗುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅವಕಾಶ ಕಾಯ್ದೆಯ 11ನೇ ಕಲಮಿನಲ್ಲಿದೆ, ಲಿಖಿತ ಆದೇಶ ಬೇಕು. ಬಿಹಾರ, ಉತ್ತರಾಖಂಡಗಳಲ್ಲಿ ಹಂದಿಯನ್ನು ಸ್ವಲ್ಪ ಕಾಲ ಉಪದ್ರವಿ ಪ್ರಾಣಿ ಎಂದೇ ಘೋಷಿಸಿದ್ದರು. ಆದೇಶವಿಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಬೀಳಬಹುದು. ಸೋಲಾರ್ ಬೇಲಿ ಹಾಕಿ, ಅಕ್ಕಪಕ್ಕದವರು ಸೇರಿ ಹಾಕಿದರೆ ಖರ್ಚು ಕಡಿಮೆ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡಲೇಬೇಡಿ. ಬೆಳಗಿನ ಜಾವ ನೀರು ಬಿಡಲು ಬರುವವನು ನಿಮ್ಮ ತಮ್ಮನೇ ಆಗಿರಬಹುದು.

ಪ್ರಶ್ನೆ: ತೋಟದಲ್ಲಿ ಉರುಳಿಗೆ ಸಿಕ್ಕ ಪ್ರಾಣಿ ಕಂಡರೆ ಏನು ಮಾಡಬೇಕು?

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಜನ ಸೇರಲು ಬಿಡಬೇಡಿ, ವಿಡಿಯೊ ಮಾಡುವವರನ್ನು ದೂರ ಕಳಿಸಿ, ನಾಯಿಗಳನ್ನು ಕಟ್ಟಿಹಾಕಿ. ಹೆದರಿದಷ್ಟೂ ಅದು ಜಾಸ್ತಿ ಎಳೆಯುತ್ತದೆ, ಎಳೆದಷ್ಟೂ ತಂತಿ ಒಳಗೆ ಇಳಿಯುತ್ತದೆ. ಪಾಪ ಅನ್ನಿಸಿದರೂ ನೀವಾಗಿ ತಂತಿ ಕತ್ತರಿಸಬೇಡಿ. ನಾವು ಬರುವ ತನಕ ಸದ್ದು ಮಾಡದೆ ಕಾಯಿರಿ.